ಎಡಗೈ ಹೊಲಿಗೆ

ಗಂಡ ಗುಡಿಯ ಮೆಟ್ಟಿಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಯಾವಳೋ ಬಿಟ್ಟುಹೋದ ಚಪ್ಪಲಿಯನ್ನು ಮಗುಚಿ ಹಾಕಿ ನೋಡುತ್ತಿದ್ದ. ಆಟೋದೊಳಗೆ ಕೂತಿದ್ದ ಹೆಂಡತಿಗೆ ಮೈ ಉರಿದುಹೋಯಿತು. ಕೆಂಪು ಪಟ್ಟಿಯ, ಎತ್ತರ ಹಿಮ್ಮಡಿಯ ಚಪ್ಪಲಿ ಅದು. ಅದನ್ನು ಅವನು ಕಣ್ಣಿನ ಹತ್ತಿರ ಹಿಡಿದ, ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ, ಆಮೇಲೆ ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಜೋಡಿಸಿಟ್ಟ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಕೈಯನ್ನೂ ಅವನು ಅಷ್ಟು ನಾಜೂಕಾಗಿ ಹಿಡಿದದ್ದಿಲ್ಲ.

ಬೆಳಗಿನಿಂದ ಇದು ಐದನೆಯದು. ಲಾಂಚಿನಿಂದ ಇಳಿದ ಕೂಡಲೇ ದಕ್ಕೆಯ ಪಕ್ಕದ ಹಸಿರು ಮಸೀದಿ, ಅದರಿಂದಾಚೆ ಹೆಂಚಿನ ಗುಡಿ, ಪೇಟೆಯ ಎರಡು ಮಸೀದಿ, ಈಗ ಇದು. ಎಲ್ಲ ಕಡೆಯೂ ಇದೇ ಕಥೆ. ದೇವರು ಒಳಗಿದ್ದಾನೆ, ಇವನು ಹೊರಗೆ ಚಪ್ಪಲಿಗಳ ಮುಂದೆ. ನೆಟ್ಟಗೆ ಕೈ ಮುಗಿಯಲೂ ಬಾರದ ಮನುಷ್ಯನಿಗೆ ದೇವರು ದಿಂಡರ ಹುಚ್ಚು ಯಾವಾಗ ಹಿಡಿಯಿತು? ಅದೂ ಶುಕ್ರವಾರವೇ ಬರಬೇಕು ಎಂದು ಹಟ ಹಿಡಿದಿದ್ದ. ಶುಕ್ರವಾರ ಮಸೀದಿಯೂ ತುಂಬಿರುತ್ತದೆ, ಗುಡಿಯೂ ತುಂಬಿರುತ್ತದೆ ಎಂದು ಹೇಳಿದ್ದ. ತುಂಬಿದ್ದರೆ ಇವನಿಗೇನು?

“ನಿಮ್ಮ ಯಜಮಾನ್ರು ಏನು ಹರಕೆ ಹೊತ್ತಿದ್ದಾರಕ್ಕಾ?” ಆಟೋದವನು ಕನ್ನಡಿಯಲ್ಲೇ ಅವಳನ್ನು ನೋಡುತ್ತ ಕೇಳಿದ. “ಮಸೀದಿಗೂ ಬರ್ತಾರೆ, ಗುಡಿಗೂ ಬರ್ತಾರೆ. ಒಳಗೆ ಮಾತ್ರ ಹೋಗಲ್ಲ.”

“ಒಳಗೆ ರಶ್ ಇದೆ.”

“ನೀವಾದ್ರೂ ಹೋಗಿ ಬನ್ನಿ. ಇಷ್ಟು ದೂರ ಬಂದಿದ್ದೀರಿ.”

“ಕಾಲು ನೋವು,” ಎಂದು ಅವಳು ಪಾದಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡಳು.

ಕಾಲಿಗೆ ಏನೂ ಆಗಿರಲಿಲ್ಲ. ಚಪ್ಪಲಿ ಬಿಚ್ಚಿ ನಾಲ್ಕು ಜನರ ಚಪ್ಪಲಿಗಳ ನಡುವೆ ಬಿಟ್ಟುಹೋಗುವುದು ಅವಳಿಂದಾಗದು. ಅವರ ಬೀದಿಯಲ್ಲಿ ಇದೊಂದು ಹಳೆಯ ತಮಾಷೆ. ಗಂಡ ಊರವರ ಚಪ್ಪಲಿಯನ್ನೆಲ್ಲ ಹೊಲಿಯುತ್ತಾನೆ, ಎಲ್ಲರೂ ಅವನನ್ನು ಕರೆಯುವುದೇ ಹೊಲಿಗೆಯಣ್ಣ ಎಂದು; ಹೆಂಡತಿಯ ಚಪ್ಪಲಿ ಕಿತ್ತರೆ ಮಾತ್ರ ಆಕೆ ಬಾಗಿಲು ಹಾಕಿಕೊಂಡು ತಾನೇ ಹೊಲಿದುಕೊಳ್ಳುತ್ತಾಳೆ. “ಯಾಕೇ, ಗಂಡನ ಕೈಗುಣ ಸರಿಯಿಲ್ವಾ?” ಎಂದು ಪಕ್ಕದ ಮನೆಯವರು ಕಿಚಾಯಿಸಿದರೆ, “ಮನೆಯವರಿಗೆ ಅವರು ಬೇಗ ಮಾಡಿಕೊಡಲ್ಲ ಕಣ್ರೀ,” ಎಂದು ನಕ್ಕು ಮಾತು ತೇಲಿಸುತ್ತಾಳೆ. ಮಲಗುವಾಗ ಅವಳ ಚಪ್ಪಲಿ ಮಂಚದ ಕೆಳಗೆ, ಅವಳ ತಲೆಯ ಕಡೆಗೇ ಇರಬೇಕು.

ಎಲ್ಲ ಶುರುವಾಗಿದ್ದು ಆ ಟೀಚರಿನಿಂದ. ಹದಿನೈದು ದಿನದ ಹಿಂದೆ ಅಂಗಡಿಗೆ ಒಬ್ಬಳು ಬಂದಿದ್ದಳು. ತೆಳ್ಳಗೆ ಬೆಳ್ಳಗೆ ಇದ್ದವಳು, ಈ ದ್ವೀಪದ ಶಾಲೆಯಿಂದ ವರ್ಗವಾಗಿ ಬಂದವಳು. ಹಳೆಯ ಚಪ್ಪಲಿ ಕೊಟ್ಟು ಇದೇ ಅಳತೆಗೆ ಹೊಸದು ಮಾಡಿಕೊಡಿ ಎಂದಳು. ಹೆಂಡತಿ ಒಳಗಿನಿಂದ ಟೀ ತಂದು ನೋಡುತ್ತಾಳೆ, ಗಂಡ ಆ ಹಳೆಯ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದಾನೆ. ಗಿರಾಕಿಯ ಹತ್ತಿರ ನಾಲ್ಕು ಮಾತಿಗೆ ಐದನೆಯ ಮಾತಾಡದವನು ಅವತ್ತು ಅವಳೊಡನೆ ಅರ್ಧ ಗಂಟೆ ಪಿಸುಗುಟ್ಟಿದ. ಹೊಸ ಜೋಡಿ ತಗೊಂಡು ಹೋಗುವಾಗ ಟೀಚರು ಹಳೆಯದರಲ್ಲಿ ಒಂದನ್ನು ಇಲ್ಲೇ ಬಿಟ್ಟುಹೋದಳು. ಇವನು ಅದನ್ನು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟ! ಆಮೇಲೆ ಒಂದು ದಿನ, “ದ್ವೀಪಕ್ಕೆ ಹೋಗಿ ಬರ್ತೀನಿ, ಚರ್ಮ ನೋಡ್ಬೇಕು,” ಎಂದ.

“ನಾನೂ ಬರ್ತೀನಿ.”

“ನೀನು ಯಾಕೆ ಬಿಸಿಲಲ್ಲಿ?”

“ಬಿಸಿಲು ನನ್ನನ್ನೇನು ತಿಂದುಬಿಡುತ್ತಾ?”

ಅವನು ಬೇಡವೆನ್ನಲಿಲ್ಲ. ಬೇಡವೆನ್ನುವ ಮನುಷ್ಯನೇ ಅಲ್ಲ. ಹೊರಟಾಗ ಅವನು ಚೀಲ ಹೊತ್ತದ್ದನ್ನು ನೋಡಿಯೇ ಅವಳಿಗೆ ಗೊತ್ತಾಯಿತು, ಆ ಕಾಗದದ ಪೊಟ್ಟಣ ಅದರೊಳಗಿದೆ ಎಂದು. ಲಾಂಚಿನಲ್ಲಿ ಎರಡು ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಗಂಡಸರ ಬುದ್ಧಿ ಐವತ್ತಕ್ಕೆ ಕೆಡುತ್ತದೆಂದು ಕೇಳಿದ್ದಳು. ಟೀಚರು ವರ್ಗವಾಗಿ ಬಂದದ್ದು ನಿಜವೋ, ಈಗಲೂ ಮನೆ ಇಲ್ಲೇ ಇದೆಯೋ, ಯಾರಿಗೆ ಗೊತ್ತು? ಗುಡಿ ಮಸೀದಿ ಎಲ್ಲ ನೆಪ, ಮಧ್ಯಾಹ್ನದ ಹೊತ್ತಿಗೆ ಯಾವುದೋ ಓಣಿಯ ಯಾವುದೋ ಬಾಗಿಲಿಗೆ ಹೋಗಿ ಮುಟ್ಟುತ್ತದೆ ಈ ಸವಾರಿ ಎಂದುಕೊಂಡಿದ್ದಳು.

ಗುಡಿಯಿಂದ ಜನ ಹೊರಗೆ ಬರತೊಡಗಿದರು. ಗಂಡ ಎದ್ದು ಮಂಡಿ ತಿಕ್ಕಿಕೊಳ್ಳುತ್ತ ಆಟೋದ ಕಡೆ ಬಂದ. ಆಟೋದವನು ಎಂಜಿನ್ ಚಾಲೂ ಮಾಡದೆ ಹಾಗೇ ಕೂತಿದ್ದ.

“ಅಣ್ಣಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಒಂದು ತಿಂಗಳಿಂದ ಇಲ್ಲಿ ಚಪ್ಪಲಿ ಕಳ್ಳತನ ಜಾಸ್ತಿಯಾಗಿದೆ. ನಂಗೆ ಹೆಂಡ್ತಿ ಮಕ್ಕಳಿದ್ದಾರೆ, ನಮ್ಮ ಸ್ಟ್ಯಾಂಡಿಗೆ ಒಂದು ಹೆಸರಿದೆ.”

“ನಾನು ಕದಿಯೋಕೆ ಬಂದಿಲ್ಲಪ್ಪ.”

“ಮತ್ತೆ ಏನು ನೋಡ್ತೀರಿ?”

“ಹೊಲಿಗೆ.”

ಆಟೋದವನು ಅವಳ ಕಡೆ ತಿರುಗಿ ಹುಬ್ಬೇರಿಸಿದ. ಅವಳು ಸಮುದ್ರದ ಕಡೆ ಮುಖ ಮಾಡಿದಳು.

ಪೇಟೆಯ ಕೊನೆಯ ಹೋಟೆಲಿನಲ್ಲಿ ಊಟಕ್ಕೆ ಕೂತರು. ತಗಡಿನ ಮಾಡು, ಬೆವರುವ ಗೋಡೆ, ಉಪ್ಪು ಹಿಡಿದು ತುಕ್ಕಾದ ಫ್ಯಾನು. ಆಟೋದವನು ಹೊರಗೆ ಯಾರ ಜತೆಗೋ ಹರಟುತ್ತಿದ್ದ. ಅವಳು ಅನ್ನಕ್ಕೆ ಕೈ ಹಾಕಲಿಲ್ಲ.

“ಅವಳ ಮನೆ ಎಲ್ಲಿ?”

“ಯಾರ ಮನೆ?”

“ನಾಟಕ ಬೇಡ. ಟೀಚರ್‌ದು. ಚೀಲದಲ್ಲಿ ಅವಳ ಚಪ್ಪಲಿ ಹೊತ್ಕೊಂಡು ತಿರುಗ್ತಿದ್ದೀರಲ್ಲ, ನಾಚಿಕೆ ಆಗಲ್ವಾ? ಕಂಡ ಕಂಡ ಹೆಂಗಸರ ಚಪ್ಪಲಿ ಮೂಸ್ತಾ ಕೂತ್ಕೊಳ್ಳೋದು, ನೋಡಿದವರು ಏನಂದ್ಕೋಬೇಕು?”

ಅವನು ಅವಳನ್ನು ನೋಡಿದ. ಬಾಯಲ್ಲಿದ್ದ ತುತ್ತು ನುಂಗಿ, ತಲೆ ತಗ್ಗಿಸಿ, ಭುಜ ಕುಣಿಯುವಷ್ಟು ನಕ್ಕ. ಅವನು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ನಗು ನಿಂತಾಗ ಕಣ್ಣಲ್ಲಿ ನೀರಿತ್ತು. ಎಡಗೈಯಿಂದ ಚೀಲ ಎಳೆದು ಪೊಟ್ಟಣ ಬಿಚ್ಚಿ ಚಪ್ಪಲಿಯನ್ನು ಬೆಂಚಿನ ಮೇಲೆ ಅವಳ ಪಕ್ಕದಲ್ಲಿಟ್ಟ.

“ಹೊಲಿಗೆ ನೋಡು.”

ಅವಳು ನೋಡಿದಳು. ಹಿಮ್ಮಡಿಯ ಸುತ್ತ ದಪ್ಪ ದಾರದ ಹೊಲಿಗೆ. ಒಂದೊಂದೂ ಸಮನಾಗಿ, ಒಂದೇ ಕಡೆಗೆ ವಾಲಿಕೊಂಡು ಹೋಗಿತ್ತು. ತಪ್ಪು ಕಡೆಗೆ. ಗಂಡನ ಹೊಲಿಗೆ ವಾಲುವುದು ಈ ಕಡೆ, ಇದು ಆ ಕಡೆ. ಕೊನೆಯಲ್ಲಿ ಗಂಟು ಇರಲಿಲ್ಲ. ದಾರ ಬಂದ ದಾರಿಯಲ್ಲೇ ಮೂರು ಹೊಲಿಗೆ ಹಿಂದಕ್ಕೆ ಹೋಗಿ ಚರ್ಮದೊಳಗೆ ಮಾಯವಾಗಿತ್ತು. ಅಂಗಾಲಿಗೆ ಗಂಟು ಒತ್ತಬಾರದು ಅತ್ತಿಗೆ, ಎಂದು ಯಾರೋ ಬಹಳ ಹಿಂದೆ ಹೇಳಿದ್ದರು.



“ಸಣ್ಣವನು,” ಎಂದ ಗಂಡ. “ಎಡಗೈ ಹೊಲಿಗೆ. ಮೂರು ಹಿಂದಕ್ಕೆ. ನಮ್ಮಪ್ಪ ಬೈದ್ರೂ ಬಿಡ್ಲಿಲ್ಲ ಅವನು ಅದನ್ನ. ಇಲ್ಲಿ ಮನೆ ಮನೆ ಸುತ್ತಿಕೊಂಡು ಬರೋನು ಒಬ್ಬ ಹೊಲಿದುಕೊಟ್ಟ ಅಂದ್ರು ಟೀಚರು. ಮುಖ ಹೇಗಿತ್ತು ಅಂದ್ರೆ ಅವರಿಗೆ ನೆನಪಿಲ್ಲ. ಯಾರು ಚಪ್ಪಲಿ ಹೊಲಿಯೋನ ಮುಖ ನೋಡ್ತಾರೆ?”

“ಕೇಳಿ ನೋಡ್ಬೋದಿತ್ತಲ್ಲ, ದಕ್ಕೆ ಹತ್ರ?”

“ಆರು ವರ್ಷದ ಹಿಂದೆ, ಸಣ್ಣವನನ್ನ ಕಂಡೆ ಅಂತ ಒಬ್ಬ ಗಾರೆ ಮೇಸ್ತ್ರಿ ಹೇಳಿದ್ದಕ್ಕೆ ಒಂದು ಬಂದರಿನ ಊರಿಗೆ ಹೋಗಿದ್ದೆ, ನಿಂಗೆ ಹೇಳಿರ್ಲಿಲ್ಲ. ಕಂಡೋರನ್ನೆಲ್ಲ ಕೇಳಿದೆ. ಅಣ್ಣ ಹುಡುಕ್ತಿದ್ದಾನೆ ಅಂತ ಸುದ್ದಿ ಅವನಿಗೆ ಮೊದಲು ಮುಟ್ಟಿತು. ನಾನು ಹೋಗೋ ಹೊತ್ತಿಗೆ ರೂಮು ಖಾಲಿ. ಈ ಸಲ ಬಾಯಿ ಬಿಡಲ್ಲ ಅಂದ್ಕೊಂಡೆ. ಊರಿನ ಚಪ್ಪಲಿಯೆಲ್ಲ ಒಟ್ಟಿಗೆ ನೋಡೋಕೆ ಸಿಗೋದು ಎಲ್ಲಿ ಹೇಳು? ಗುಡಿ ಮುಂದೆ, ಮಸೀದಿ ಮುಂದೆ. ಯಾವ ಕಡೆ ಅವನ ಹೊಲಿಗೆ ಜಾಸ್ತಿ ಕಾಣುತ್ತೋ, ಆ ಕೇರೀಲಿ ಇದ್ದಾನೆ ಅಂತ.” ಅವನು ಅನ್ನ ಕಲಸುತ್ತಲೇ ಇದ್ದ. “ನಿನ್ನ ಕಿವಿ ಓಲೆ ಹೋದ್ರೆ ಹೋಗ್ಲಿ. ನಾನು ಹೊಡೀಬಾರ್ದಿತ್ತು. ನಂಗೆ ಐವತ್ತಾಯ್ತು. ಅವನು ಇದ್ದಾನೋ ಇಲ್ವೋ ಗೊತ್ತಿಲ್ದೆ ತುತ್ತು ಇಳಿಯಲ್ಲ ಕಣೇ. ಹೇಳಿದ್ರೆ ನೀನು ಬರೋಕೆ ಬಿಡ್ತಿರ್ಲಿಲ್ಲ.”

ಅವಳ ಕಾಲು ತಾನಾಗಿ ಬೆಂಚಿನ ಕೆಳಕ್ಕೆ ಸರಿಯಿತು.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಮದುವೆಯಾಗಿ ಎಂಟು ತಿಂಗಳು. ಕಿವಿ ಬಾತು ಜ್ವರ ಬಂದಿತ್ತು. ತವರಿನವರು ಕೊಟ್ಟಿದ್ದ ನೀಲಿ ಕಲ್ಲಿನ ಓಲೆ ಬಿಚ್ಚಿ ಇಡಲು ನೋಡಿದರೆ ಮನೆ ತುಂಬ ಮೊಳೆ, ಚರ್ಮದ ಚೂರು, ಒಂದು ಸೂಜಿ ಬಿದ್ದರೆ ಸಿಗುವ ಜಾಗವಲ್ಲ. ಕಿಟಕಿಯಲ್ಲಿ ದಾರಕ್ಕೆ ಉಜ್ಜುವ ಮೇಣದ ಉಂಡೆ ಇತ್ತು, ಮಾವನ ಕಾಲದ್ದು, ತೆಂಗಿನಕಾಯಿ ಗಾತ್ರದ್ದು. ಬಿಸಿಲಿಗೆ ಮೆತ್ತಗಾಗಿದ್ದ ಅದರೊಳಕ್ಕೆ ಎರಡೂ ಓಲೆಯನ್ನು ಒತ್ತಿ, ಮೇಲೆ ಬೆರಳಿನಿಂದ ಸವರಿ ಮಲಗಿದ್ದಳು. ಜ್ವರ ನೆತ್ತಿಗೇರಿ ಮೂರು ದಿನ ಪ್ರಜ್ಞೆಯಿರಲಿಲ್ಲ. ಎದ್ದಾಗ ಕಿವಿ ಖಾಲಿ. ಎಲ್ಲಿಟ್ಟೆನೆಂಬುದು ತೊಳೆದ ಹಾಗೆ ಮರೆತುಹೋಗಿತ್ತು. ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಕೋಣೆಗೆ ಯಾರು ಬಂದಿದ್ದರು ಎಂದು ಕೇಳಿದಾಗ ಅವಳೇ ಹೇಳಿದಳು: “ಸಣ್ಣವನು ಮಾತ್ರ ಬಂದಿದ್ದ.” ಬಂದಿದ್ದು ಸುಳ್ಳಲ್ಲ. ಗಂಜಿ ತಂದುಕೊಟ್ಟಿದ್ದ.

ಗಂಡ ತಮ್ಮನ ಕೆನ್ನೆಗೆ ಬಾರಿಸಿದ್ದು ಬೀದಿಯವರ ಎದುರಿಗೆ. ಚೀಲ ಕೊಡವಿಸಿದರು, ಜೇಬು ನೋಡಿದರು. ಸಣ್ಣವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಒಳಗೆ ಹೋಗಿ ಕತ್ತಿಯಿಂದ ಮೇಣದ ಉಂಡೆಯನ್ನು ಸರಿ ಅರ್ಧಕ್ಕೆ ಕೊಯ್ದು, “ನನ್ನ ಪಾಲು ಇಷ್ಟೇ,” ಎಂದು ಒಂದು ಹೋಳನ್ನು ತನ್ನ ಪೆಟ್ಟಿಗೆಗೆ ಹಾಕಿಕೊಂಡು ಹೊರಟುಹೋದ.

ಎರಡು ವರ್ಷದ ಮೇಲೆ ಒಂದು ದಿನ ಅವಳು ಉಳಿದ ಮೇಣವನ್ನು ಕರಗಿಸುತ್ತಿದ್ದಾಗ ಬಾಣಲೆಯ ತಳದಲ್ಲಿ ನೀಲಿ ಕಲ್ಲು ಹೊಳೆಯಿತು. ಒಂದೇ ಒಂದು. ಅದನ್ನು ಕಂಡದ್ದೇ ತಡ ಕಿಟಕಿ, ಬಿಸಿಲು, ಜ್ವರ, ಎಲ್ಲ ಒಮ್ಮೆಲೇ ನೆನಪಿಗೆ ಬಂತು. ಹೇಳಬೇಕಿತ್ತು. ಗಂಡ ಹತ್ತು ಹೆಜ್ಜೆ ಆಚೆ ಕೂತಿದ್ದ. ಅವಳು ಓಲೆಯನ್ನು ಕಡ್ಡಿಯಿಂದ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಇನ್ನೊಂದು ಓಲೆ ಸಣ್ಣವನ ಪಾಲಿನ ಹೋಳಿನಲ್ಲಿ ಹೋಗಿರಬೇಕು. ಹೋಗಿದ್ದರೆ ಇಷ್ಟರಲ್ಲಿ ಅವನಿಗೆ ಸಿಕ್ಕಿರಬೇಕು. ಸಿಕ್ಕಿದ್ದರೆ ತಂದುಕೊಡಬೇಕಿತ್ತಲ್ಲ? ಕೊಡಲಿಲ್ಲ. ಹಾಗಾದರೆ ಅವನು ಕಳ್ಳನೇ ತಾನೆ? ಈ ಲೆಕ್ಕಾಚಾರವನ್ನು ಅವಳು ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದಳು. ಮಾಡಿದಾಗಲೆಲ್ಲ ಸರಿಯೆನಿಸುತ್ತಿತ್ತು, ಎರಡು ದಿನದ ಮೇಲೆ ಮತ್ತೆ ಮಾಡಬೇಕಾಗುತ್ತಿತ್ತು. ಸಿಕ್ಕ ಓಲೆಯನ್ನು ಮನೆಯಲ್ಲಿ ಎಲ್ಲಿ ಇಟ್ಟರೂ ಯಾರ ಕೈಗಾದರೂ ಸಿಕ್ಕೀತೆಂದು, ತನ್ನ ಚಪ್ಪಲಿಯ ಹಿಮ್ಮಡಿಯ ಎರಡು ಪದರದ ನಡುವೆ ಗುಳಿ ಕೊರೆದು ಅದರಲ್ಲಿಟ್ಟು ಹೊಲಿದಳು. ಚಪ್ಪಲಿ ಸವೆದಂತೆ ಹೊಸ ಚಪ್ಪಲಿಗೆ ಸಾಗಿಸಿದಳು. ಈಗಲೂ ಅದು ಅವಳ ಬಲಗಾಲಿನ ಕೆಳಗಿತ್ತು.

“ಊಟ ಮಾಡೇ,” ಎಂದ ಗಂಡ. “ಕೊನೇ ಲಾಂಚು ಐದಕ್ಕೆ.”

ಅವಳು ಊಟ ಮಾಡಿದಳು. ಏನು ತಿಂದೆನೆಂಬುದು ಗೊತ್ತಾಗಲಿಲ್ಲ. ಬೆಳಗಿನಿಂದ ಇದ್ದ ಸಂಶಯ ಹೋಗಿ ಅದರ ಜಾಗಕ್ಕೆ ಬೇರೊಂದು ಬಂದು ಕೂತಿತ್ತು. ಇವನಿಗೆ ಗೊತ್ತೇನು? ‘ಓಲೆ ಹೋದ್ರೆ ಹೋಗ್ಲಿ’ ಎಂದನಲ್ಲ, ಹಾಗೇಕೆ ಅಂದ? ಅಂದಾಗ ನನ್ನ ಕಾಲಿನ ಕಡೆ ನೋಡಿದನೇ? ಬರಬೇಡ ಅನ್ನದೆ ನನ್ನನ್ನು ಕರೆದುಕೊಂಡು ಬಂದದ್ದೇಕೆ? ಸಣ್ಣವನು ಸಿಕ್ಕರೆ ಕೈಯಲ್ಲಿ ಓಲೆ ಹಿಡಿದು, ಮೇಣದಲ್ಲಿ ಸಿಕ್ಕಿತು ಅತ್ತಿಗೆ, ಅಂದುಬಿಟ್ಟರೆ? ಆಗ ಗಂಡ ನನ್ನ ಮುಖ ನೋಡುತ್ತಾನೆ. ಅಲ್ಲಿಂದಾಚೆಗೆ ಅವಳಿಗೆ ಯೋಚಿಸಲಾಗಲಿಲ್ಲ.

ದ್ವೀಪದ ಬಾಲದಲ್ಲಿ, ನೆಲ ಕಿರಿದಾಗಿ ಎರಡೂ ಕಡೆ ಸಮುದ್ರ ಕಾಣುವಲ್ಲಿ, ಒಂದೇ ಬಯಲಿನ ಆ ಕೊನೆಗೆ ಸಣ್ಣ ಬಿಳಿ ಮಸೀದಿ, ಈ ಕೊನೆಗೆ ಗುಡಿ. ನಡುವೆ ಒಂದು ನಲ್ಲಿಯ ಕಟ್ಟೆ. ಎರಡು ಕಡೆಯವರೂ ಅಲ್ಲೇ ಕಾಲು ತೊಳೆಯುತ್ತಿದ್ದರು. ಬಿಸಿಲಿಗೆ ಮರಳು ಕಣ್ಣು ಕುಕ್ಕುತ್ತಿತ್ತು. ಆಟೋದವನು ಈ ಸಲ ಗಾಡಿಯಲ್ಲಿ ಕೂರದೆ ಇಳಿದು ಮರಕ್ಕೆ ಒರಗಿ ನಿಂತ.

“ಹೊತ್ತಾಯ್ತು,” ಎಂದ ಗಂಡ. “ನಾನು ಮಸೀದಿ ಕಡೆ ನೋಡ್ತೀನಿ, ನೀನು ಗುಡಿ ಕಡೆ ನೋಡು. ಅವನ ಹೊಲಿಗೆ ನಿಂಗೂ ಗೊತ್ತಲ್ಲ.”

ಅವಳು ಗುಡಿಯ ಕಡೆ ನಡೆದಳು. ಗುಡಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಜೋಡಿ ಇದ್ದವು. ಹೆಚ್ಚಿನವು ರಬ್ಬರಿನವು, ಹೊಲಿಗೆಯ ಗೋಜೇ ಇಲ್ಲದವು. ಸಮಾಧಾನದ ಉಸಿರು ಬಿಡುತ್ತ ಬಗ್ಗದೆಯೇ ಕಣ್ಣಾಡಿಸಿದಳು. ಸಾಲಿನ ತುದಿಯಲ್ಲಿ, ಕಟ್ಟೆಯ ಪಕ್ಕದಲ್ಲಿ, ಗಂಡಸಿನ ದೊಡ್ಡ ಚರ್ಮದ ಚಪ್ಪಲಿ ಒಂದು ಜೋಡಿ ಇತ್ತು. ಹಿಮ್ಮಡಿಯ ಸುತ್ತ ಹೊಸ ದಾರ. ಆ ಕಡೆಗೆ ವಾಲಿದ ಹೊಲಿಗೆ. ಮೂರು ಹಿಂದಕ್ಕೆ. ಮೇಣದ ವಾಸನೆ ಇನ್ನೂ ಹೋಗಿರಲಿಲ್ಲ, ಅಥವಾ ಅವಳಿಗೆ ಹಾಗನಿಸಿತೋ ಏನೋ.

ತಲೆಯೆತ್ತಿ ನೋಡಿದಳು. ಗಂಡ ದೂರದಲ್ಲಿ ಬೆನ್ನು ಮಾಡಿ ಕೂತಿದ್ದ. ಇನ್ನೆರಡು ಗಂಟೆ ಕಳೆದರೆ ಲಾಂಚು. ಇಲ್ಲಿ ಇಲ್ಲವೆಂದರೆ ಇಲ್ಲ. ಅವಳ ಕಾಲು ಮುಂದಕ್ಕೆ ಹೋಗಿ ಆ ಜೋಡಿಯ ಬಲಗಾಲಿನ ಚಪ್ಪಲಿಯನ್ನು ಮೆಲ್ಲಗೆ ತಳ್ಳಿತು, ಕಟ್ಟೆಯ ಕೆಳಗಿನ ಸಂದಿಗೆ. ಒಳಗೆ ಕತ್ತಲೆ, ಪಾಚಿ. ಚಪ್ಪಲಿ ಕಾಣದಾಯಿತು. ಎಡಗಾಲಿನದನ್ನು ತಳ್ಳಬೇಕು ಎನ್ನುವಷ್ಟರಲ್ಲಿ ಗಂಟೆಯ ಸದ್ದಾಗಿ ಜನ ಹೊರಗೆ ಬಂದರು. ಅವಳು ನಾಲ್ಕು ಹೆಜ್ಜೆ ದೂರ ಸರಿದು ಸೆರಗಿನಿಂದ ಮುಖ ಒರೆಸಿಕೊಂಡಳು.

ಎತ್ತರದ ಮೈಕಟ್ಟಿನ ದೋಣಿಯವನೊಬ್ಬ ಬಂದು ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಕಾಲನ್ನು ಕಾದ ಮರಳಿನಿಂದ ಮೇಲೆತ್ತಿ ಅತ್ತ ಇತ್ತ ನೋಡಿದ. “ನಂದೊಂದು ಇಲ್ಲೇ ಇತ್ತಲ್ಲ! ಮೊನ್ನೆ ತಾನೆ ಹೊಲಿಸಿದ್ದು.”

ಮರಕ್ಕೆ ಒರಗಿದ್ದ ಆಟೋದವನು ಹಾರಿಯೇ ಬಂದ. “ನಂಗೆ ಬೆಳಗ್ಗಿಂದ ಅನುಮಾನ ಇತ್ತು! ಆ ಮನುಷ್ಯನ ಚೀಲ ನೋಡಿ, ಚೀಲ!”

ಗಂಡ ಗದ್ದಲ ಕೇಳಿ ಎದ್ದು ಬರುತ್ತಿದ್ದ. ಅವನು ಹತ್ತಿರ ಬರುವ ಮೊದಲೇ ನಾಲ್ಕು ಜನ ಸುತ್ತಲೂ ನಿಂತರು. ಮಸೀದಿಯ ಕಡೆಯಿಂದಲೂ ಬಂದರು. ಚೀಲ ತೆಗಿ ಎಂದರು. ಅವನು ತೆಗೆದ. ನೀರಿನ ಬಾಟಲಿ, ಟವೆಲು, ಕಾಗದದ ಪೊಟ್ಟಣ. ಪೊಟ್ಟಣ ಬಿಚ್ಚಿದಾಗ ಹೆಂಗಸಿನ ಒಂಟಿ ಚಪ್ಪಲಿ ಮರಳಿಗೆ ಬಿತ್ತು.

“ಅಯ್ಯೋ ನೋಡ್ರಪ್ಪ! ಒಂದೊಂದೇ ಕದಿಯೋ ಜಾತಿ ಇದು,” ಎಂದ ಯಾರೋ.

“ಯಾವ ಗುಡೀದು ಇದು? ಬಾಯಿ ಬಿಡಯ್ಯ.”

ಗಂಡ ತಲೆ ತಗ್ಗಿಸಿ ನಿಂತಿದ್ದ, ಕೈಗಳು ಪಕ್ಕಕ್ಕೆ ಜೋತುಬಿದ್ದಿದ್ದವು.  ಅವತ್ತು ಸಣ್ಣವನೂ ಹೀಗೇ ನಿಂತಿದ್ದ. ಇದೇ ಕತ್ತು, ಇದೇ ಭುಜ. ಅಣ್ಣತಮ್ಮಂದಿರು ಇಷ್ಟು ಒಂದೇ ತರಹ ಇದ್ದಾರೆಂದು ಅವಳು ಇವತ್ತಿನವರೆಗೆ ಗಮನಿಸಿರಲೇ ಇಲ್ಲ. ದೋಣಿಯವನ ಕೈ ಮೇಲೆದ್ದಿತು.

“ನಾನೇ!” ಎಂದು ಅವಳು ಚೀರಿದಳು. “ಅವರಲ್ಲ, ನಾನೇ ಬಚ್ಚಿಟ್ಟಿದ್ದು!”

ಎಲ್ಲರೂ ತಿರುಗಿದರು. ಅವಳು ಕಟ್ಟೆಯ ಬಳಿ ಮಂಡಿಯೂರಿ ಸಂದಿಗೆ ಭುಜದವರೆಗೆ ಕೈ ತೂರಿಸಿ, ಪಾಚಿ ಹತ್ತಿದ ಚಪ್ಪಲಿಯನ್ನು ಎಳೆದು ತೆಗೆದಳು. ಅದನ್ನು ದೋಣಿಯವನಿಗೆ ಕೊಡಲಿಲ್ಲ. ಗಂಡನ ಕೈಗೆ ಕೊಟ್ಟಳು. “ಅವನದೇ ಹೊಲಿಗೆ. ನೀವು ನೋಡಬಾರ್ದು ಅಂತ ತಳ್ಳಿದೆ.”

“ಹುಚ್ಚಿಯೇನ್ರೀ ನಿಮ್ಮ ಹೆಂಗಸು?” ಎಂದ ದೋಣಿಯವನು.

ಗಂಡ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹೆಬ್ಬೆರಳು ಹೊಲಿಗೆಯ ಮೇಲೆ ಒಂದೊಂದಾಗಿ ಹೋಗಿ, ಕೊನೆಯಲ್ಲಿ ಮೂರು ಹಿಂದಕ್ಕೆ ಬಂತು. ಟವೆಲಿನಿಂದ ಪಾಚಿ ಒರೆಸಿ, ಬಗ್ಗಿ ಚಪ್ಪಲಿಯನ್ನು ದೋಣಿಯವನ ಕಾಲಿನ ಮುಂದಿಟ್ಟ. “ಇದನ್ನ ಹೊಲಿದೋನು ನನ್ನ ತಮ್ಮ. ಎಲ್ಲಿರ್ತಾನೆ?”

ದೋಣಿಯವನ ಸಿಟ್ಟು ಅಲ್ಲಿಗೆ ಇಳಿಯಿತು. “ಎಡಗೈಯವನಾ? ಈಗ ಮನೆ ಮನೆ ತಿರುಗಲ್ಲ. ಅಗೋ, ಮಸೀದಿ ಹಿಂದೆ ನೆರಳಿದೆಯಲ್ಲ, ಅಲ್ಲೇ ಕೂರ್ತಾನೆ. ಊಟಕ್ಕೆ ಹೋಗಿರ್ಬೇಕು, ನಾಲ್ಕಕ್ಕೆ ಬರ್ತಾನೆ. ಪೆಟ್ಟಿಗೆ ಅಲ್ಲೇ ಇರುತ್ತೆ.” ಚಪ್ಪಲಿ ಮೆಟ್ಟಿಕೊಳ್ಳುತ್ತ ಸೇರಿಸಿದ, “ಬೀಗ ಹಾಕಲ್ಲ ಅವನು. ಯಾರೂ ಮುಟ್ಟಲ್ಲ.”

ಜನ ಚದುರಿದರು. ಆಟೋದವನು ನೆಲದಲ್ಲಿ ಬಿದ್ದಿದ್ದ ಟೀಚರಿನ ಚಪ್ಪಲಿಯನ್ನು ಎತ್ತಿ ಮರಳು ಕೊಡವಿ ಚೀಲಕ್ಕೆ ಹಾಕಿಕೊಟ್ಟ, ಗಾಡಿಯ ಕಡೆ ಹೋದ. ಗಂಡ ಹೆಂಡತಿ ಬಯಲು ದಾಟಿದರು. ಯಾಕೆ ತಳ್ಳಿದೆ ಎಂದು ಅವನು ಕೇಳುತ್ತಾನೆಂದು ಅವಳು ಕಾದಳು. ಅವನು ಕೇಳಲಿಲ್ಲ.

ಮಸೀದಿಯ ಹಿಂಗೋಡೆಯ ನೆರಳಿನಲ್ಲಿ ಒಂದು ಗೋಣಿ ಹಾಸು, ಒಂದು ಗಿಡ್ಡ ಮಣೆ, ಗಿರಾಕಿ ಕೂರಲು ಒಂದು ಸಪಾಟು ಕಲ್ಲು, ಮರದ ಪೆಟ್ಟಿಗೆ. ಗಂಡ ಪೆಟ್ಟಿಗೆಯ ಮುಂದೆ ಕೂತ. ಮುಟ್ಟಬಾರದು ಎಂದುಕೊಂಡರೂ ಕೈ ತಡೆಯಲಿಲ್ಲವೇನೋ, ಮುಚ್ಚಳ ತೆರೆದ. ಒಳಗೆ ಎಲ್ಲ ಅಪ್ಪ ಇಡುತ್ತಿದ್ದ ಕ್ರಮದಲ್ಲೇ ಇತ್ತು. ಕತ್ತಿ, ದಬ್ಬಳ, ದಾರದ ಉಂಡೆ, ಮೊಳೆಯ ಡಬ್ಬಿ, ಬಳಸುತ್ತಿದ್ದ ಹಳದಿ ಮೇಣ. ಮೂಲೆಯಲ್ಲಿ ಚರ್ಮದ ತುಂಡಿನಲ್ಲಿ ಸುತ್ತಿದ್ದ ಇನ್ನೊಂದು ಗಂಟು ಇತ್ತು. ಬಿಚ್ಚಿದ. ಕಪ್ಪಗಾದ ಹಳೆಯ ಮೇಣದ ಹೋಳು, ಒಂದು ಕಡೆ ಕತ್ತಿಯಿಂದ ಕೊಯ್ದಂತೆ ಸಪಾಟು. ತಿರುಗಿಸಿದ.  ಆಮೇಲೆ ಅದನ್ನು ಅವಳ ಕಡೆ ಚಾಚಿದ.

ಮೇಣದ ಹೊಟ್ಟೆಯಲ್ಲಿ ನೀಲಿ ಕಲ್ಲು ಅರ್ಧ ಕಾಣುತ್ತಿತ್ತು. ದಾರ ಉಜ್ಜಿ ಉಜ್ಜಿ ಮೇಣ ಅಲ್ಲಿಗೆ ಸವೆದಿತ್ತು. ಕಂಡ ದಿನವೇ ಉಜ್ಜುವುದನ್ನು ನಿಲ್ಲಿಸಿದ್ದನೆಂದು ಕಾಣುತ್ತದೆ. ಅಲ್ಲಿಂದಾಚೆಗೆ ಒಂದು ಗೆರೆಯೂ ಇರಲಿಲ್ಲ. ಕಿತ್ತು ತೆಗೆಯುವ ಪ್ರಯತ್ನವೂ ಆಗಿರಲಿಲ್ಲ.

“ತಂದುಕೊಟ್ಟಿದ್ರೆ ಏನಂತಿದ್ವಿ ನಾವು?” ಎಂದ ಗಂಡ, ಅವಳನ್ನಲ್ಲ, ಪೆಟ್ಟಿಗೆಯನ್ನು ನೋಡುತ್ತ. “ಅವನ ಹತ್ರಾನೇ ಇತ್ತು ಅಂತಿದ್ವಿ.”

ಅವಳು ಬಲಗಾಲಿನ ಚಪ್ಪಲಿ ಬಿಚ್ಚಿದಳು. ಪೆಟ್ಟಿಗೆಯಿಂದ ಕತ್ತಿ ತಗೊಂಡು ಹಿಮ್ಮಡಿಯ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಅವಳ ಹೊಲಿಗೆ, ಸೊಟ್ಟ ಸೊಟ್ಟಗೆ, ಗಂಟಿನ ಮೇಲೆ ಗಂಟು. ಗಂಡ ನೋಡುತ್ತಿದ್ದ, ಸಹಾಯಕ್ಕೆ ಕೈ ಚಾಚಲಿಲ್ಲ. ಪದರ ಬಿಡಿಸಿ, ಬೆವರಿಗೆ ಕಪ್ಪಾಗಿದ್ದ ಓಲೆಯನ್ನು ಸೆರಗಿನಲ್ಲಿ ಒರೆಸಿದಳು. ಮೇಣದ ಹೋಳನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಸಿಲಿಗೆ ಒಡ್ಡಿದಳು. ಅದು ಮೆತ್ತಗಾದ ಮೇಲೆ ಮೊದಲಿನದರ ಪಕ್ಕದಲ್ಲಿ ಇದನ್ನೂ ಒತ್ತಿದಳು. ಚರ್ಮದಲ್ಲಿ ಸುತ್ತಿ ಇದ್ದ ಮೂಲೆಯಲ್ಲೇ ಇಟ್ಟು ಮುಚ್ಚಳ ಹಾಕಿದಳು.

ಗಂಡ ಎದ್ದು ಗೋಡೆಗೆ ಒರಗಿ ದಾರಿಯ ಕಡೆ ನೋಡುತ್ತ ನಿಂತ. “ಲಾಂಚು ಹೋದ್ರೆ ಹೋಗ್ಲಿ,” ಎಂದ.

ಅವಳು ಹಿಮ್ಮಡಿ ಬಾಯಿ ಬಿಟ್ಟಿದ್ದ ಚಪ್ಪಲಿಯನ್ನು ಗೋಣಿಯ ಅಂಚಿನಲ್ಲಿ, ಮಣೆಯ ಎಡಗಡೆಗೆ ಕೈಗೆಟುಕುವಂತೆ ಇಟ್ಟಳು. ಬರಿಗಾಲನ್ನು ನೆರಳಿಗೆ ಎಳೆದುಕೊಂಡು ಗಿರಾಕಿಯ ಕಲ್ಲಿನ ಮೇಲೆ ಕೂತಳು.